ಧರಣೇಂದ್ರಯ್ಯನ ಇ-ಸಿಮ್ ದಿಗ್ವಿಜಯ

ಕಾಲವು ಹಾವಿನ ಬಾಲದಂತೆ ಸಪೂರವಾಗುತ್ತ ಇಳಿಯುವ ಅವಸರ್ಪಿಣಿಯ ಐದನೆಯ ಭಾಗದಲ್ಲಿ, ಹಿರಿಯರು ನಿಟ್ಟುಸಿರಿಟ್ಟು ದುಷಮಾ ಎಂದು ಹೆಸರಿಟ್ಟ ಈ ಪಂಚಮಕಾಲದಲ್ಲಿ, ಮನುಷ್ಯರ ಎತ್ತರವು ಬಿಲ್ಲುಗಳ ಅಳತೆಯಿಂದ ಅಡಿಗಳ ಅಳತೆಗೆ ಇಳಿದು, ಆಯುಸ್ಸು ಯುಗಗಳ ಅಳತೆಯಿಂದ ಪಿಂಚಣಿಯ ಅಳತೆಗೆ ಇಳಿದು, ಸಕಲ ಚರಾಚರಗಳೂ ಕುಗ್ಗುತ್ತಿರಲು, ಸಿಮ್ ಎಂಬ ಅಲ್ಪಕಾಯವೂ ಕುಗ್ಗಿತು. ಮೊದಲು ಅದು ಹೆಬ್ಬೆರಳಿನಗಲವಿತ್ತು, ಬಳಿಕ ಉಗುರಿನಗಲವಾಯಿತು, ಬಳಿಕ ಕಡಲೆಬೇಳೆಯಷ್ಟಾಯಿತು, ಕಡೆಗೊಂದು ದಿನ ದೇಹವನ್ನೇ ತೊರೆದು, ಮೊದಲೇ ಹಣ ಕಟ್ಟಿದವರ ಫೋನಿನೊಳಕ್ಕೆ ಆವಾಹನೆಗೊಳ್ಳುವ ನಿರಾಕಾರ ವಸ್ತುವಾಗಿ, ಇ-ಸಿಮ್ ಎಂಬ ನಾಮವನ್ನು ತಳೆಯಿತು. ಆ ನಿರಾಕಾರವನ್ನು ಕೊಳ್ಳಹೊರಟ ಸಾಕಾರಪುರುಷನೊಬ್ಬನ ಪರಾಕ್ರಮವನ್ನು ಹೇಳುವವನಿದ್ದೇನೆ. ವಾಗ್ದೇವಿ, ನಾಲಗೆಯ ತುದಿಯಲ್ಲಿ ನಿಲ್ಲು. ಗೋಪುರಶಿಖರವಾಸಿನಿಯಾದ ಸಿಗ್ನಲ್ ದೇವತೆ, ನಾಲ್ಕೂ ಕಡ್ಡಿಗಳನ್ನು ಬೆಳಗಿಸು. ಕಥೆ ಮುಗಿಯುವ ತನಕ ಚಾರ್ಜು ಉಳಿಯಲಿ.

ಆ ಪುರುಷನಾರೆಂದರೆ, ತುಮಕೂರೆಂಬ ಪುರದ ಚಿಕ್ಕಪೇಟೆಯಲ್ಲಿ ನೆಲಸಿದ ಧರಣೇಂದ್ರಯ್ಯ. ಅರವತ್ತೇಳು ವಸಂತಗಳನ್ನೂ ಎರಡು ಮೊಣಕಾಲುಗಳ ನೋವನ್ನೂ ಕಂಡವನು. ಸಮೀಪದ ಊರೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಾರು ವರ್ಷ ದುಡಿದು, ಸಹಸ್ರತಂತೀಸಂಯೋಜಕ, ಟ್ರಂಕ್‌ಕಾಲ್‌ಕುಲತಿಲಕ, ಗೊರಗೊರಶಬ್ದಸಂಹಾರಕ ಎಂಬ ಬಿರುದುಗಳಿಗೆ ಪಾತ್ರನಾಗಿ, ಅವುಗಳಲ್ಲಿ ಒಂದನ್ನೂ ಪಡೆಯದೆ ನಿವೃತ್ತನಾದವನು. ಒಂದು ಮಳೆಗಾಲದಲ್ಲಿ ಊರಿನ ಅರ್ಧ ಲೈನುಗಳು ಸತ್ತು ಮಲಗಿದ್ದಾಗ, ಹಲ್ಲಿನ ನಡುವೆ ಇಕ್ಕಳ ಕಚ್ಚಿಕೊಂಡು ಕಂಬವೇರಿ, ಹೆರಿಗೆಗೆಂದು ಆಸ್ಪತ್ರೆ ಸೇರಿದ್ದ ಯಾರದೋ ಮಗಳ ಸುದ್ದಿಯನ್ನು ತಿಪಟೂರಿನಲ್ಲಿದ್ದ ಯಾರೋ ತಂದೆಗೆ ಮುಟ್ಟಿಸಿದ್ದನು. ಹುಟ್ಟಿದ್ದು ಹೆಣ್ಣೋ ಗಂಡೋ ಅವನಿಗೆ ಇಂದಿಗೂ ಗೊತ್ತಿಲ್ಲ. ಎರಡು ಕಡೆಯವರನ್ನು ಕೂಡಿಸುವುದು ತನ್ನ ಧರ್ಮ, ಅವರ ಮಾತು ಕೇಳುವುದಲ್ಲ ಎಂದು, ದನಿ ಕೂಡಿದ ಕ್ಷಣವೇ ಅವನು ಕಿವಿಯಿಂದ ರಿಸೀವರನ್ನು ಇಳಿಸಿದ್ದನು.

ಇಂಥವನ ಧರ್ಮಪತ್ನಿ ಮರುದೇವಮ್ಮ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದವಳು. ಮೂರು ತ್ರಿಕೋನದ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಹಿಮ, ಕೆಳಗೊಂದು ಮರದ ಮನೆ, ಇಷ್ಟನ್ನು ಸಾವಿರಾರು ಹುಡುಗಿಯರ ಕೈಯಲ್ಲಿ ಬರೆಸಿದ ಆಕೆ, ನಿವೃತ್ತಿಯ ದಿನ ಹಾರವನ್ನು ಮೊಳೆಗೆ ತೂಗುಹಾಕುತ್ತ, "ಬರೆಸಿದ್ದಾಯ್ತು, ಒಂದ್ಸಲ ಹೋಗಿ ನೋಡ್ಬೇಕು ರೀ" ಎಂದಿದ್ದಳು. ಆ ಮಾತು ಆರು ವರ್ಷ ಮಾಗಿ, ಈಗ ಪಾಸ್‌ಪೋರ್ಟುಗಳೂ ವೀಸಾಗಳೂ ಆಗಿ ಕಪಾಟಿನಲ್ಲಿ ಕುಳಿತಿತ್ತು. ಜೂನ್ ತಿಂಗಳಲ್ಲಿ ಹದಿನೆಂಟು ದಿನ, ಹಂಗೇರಿ, ಆಸ್ಟ್ರಿಯಾ, ಸ್ವಿಟ್ಜರ್ಲ್ಯಾಂಡ್, ಇಟಲಿ ಎಂಬ ನಾಲ್ಕು ರಾಜ್ಯಗಳ ಪರ್ಯಟನೆ ನಿಶ್ಚಯವಾಗಿತ್ತು.

ಆದರೆ ಮರುದೇವಮ್ಮ ವ್ರತಸ್ಥೆ. ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟಳು. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಮೊದಲಾದ ನೆಲದೊಳಗಿನ ಯಾವುದನ್ನೂ ಬಾಯಿಗಿಡಳು. ಒಂದು ಬೆಳಿಗ್ಗೆ ಆಕೆ ದೋಸೆ ಮಗುಚುತ್ತ ಕೇಳಿದಳು.

"ಅಲ್ಲಾ ರೀ, ಅಲ್ಲಿ ಊರೂರಿಗೂ ಸೂರ್ಯ ಮುಳುಗೋ ಹೊತ್ತು ಬೇರೆಯಂತೆ. ಸಾರಿಗೆ ಏನು ಹಾಕಿದಾರೆ ಅಂತ ಕೇಳೋಣ ಅಂದ್ರೆ ಅವರ ಭಾಷೆ ನಮಗೆ ಬರಲ್ಲ. ಹದಿನೆಂಟು ದಿನ ಬರೀ ಬಾಳೆಹಣ್ಣು ತಿಂದ್ಕೊಂಡು ಇರ್ಲಾ?"

"ಫೋನ್ ಎಲ್ಲಾ ಹೇಳುತ್ತೆ ಮರುದೇವಿ. ಸೂರ್ಯಂದೂ ಹೇಳುತ್ತೆ, ಸಾರಿಂದೂ ಹೇಳುತ್ತೆ. ಅದಕ್ಕೆ ನೆಟ್ಟು ಇರಬೇಕು ಅಷ್ಟೆ. ಆ ವಿಷಯ ನನಗೆ ಬಿಡು."

ಆಕೆ ಬಿಟ್ಟಳು. ಮಹಾಸಮರಗಳು ಇಂಥ ಸಣ್ಣ ಮಾತಿನಲ್ಲೇ ಮೊಳೆಯುತ್ತವೆ.

ಆ ಭಾನುವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ, ಮರುದೇವಮ್ಮನ ತಮ್ಮನೂ ಪ್ರವಾಸದ ಮೂರನೆಯ ಸಹಯಾತ್ರಿಯೂ ಆದ ಭುಜಬಲಯ್ಯನು ಚಪ್ಪಲಿ ಬಿಟ್ಟು ಒಳಬಂದನು. ಹೆಸರಿನಲ್ಲಿ ಭುಜವೂ ಬಲವೂ ಇದ್ದರೂ ಅಗರಬತ್ತಿಯಂಥ ತೋಳುಗಳುಳ್ಳ ಈತನು ಮಂಡಿಪೇಟೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿಯ ಒಡೆಯ. ಕುಕ್ಕರ್ ಕಂಪನಿಯವರ ಕೃಪೆಯಿಂದ ಸಿಂಗಪೂರಕ್ಕೊಮ್ಮೆ, ದುಬೈಗೊಮ್ಮೆ ಹೋಗಿ ಬಂದು, ದ್ವಿವಾರಸಮುದ್ರಲಂಘನನೆಂಬ ಕೀರ್ತಿಯನ್ನು ಕೇಳಿದವರಿಗೂ ಕೇಳದವರಿಗೂ ಹಂಚುತ್ತಿದ್ದವನು. ಕೋಡುಬಳೆಯ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಅವನು ಕೇಳಿದನು.

"ಏನಕ್ಕ, ಭಾವ ಏನೋ ಭಾರೀ ಯೋಚನೇಲಿದಾರೆ?"

"ಅಲ್ಲಿಗೆ ಯಾವ ಇ-ಸಿಮ್ ತಗೊಳ್ಳೋದು ಅಂತ ನೋಡ್ತಾ ಇದಾರೆ ಕಣೋ."

"ಅದೂ ಒಂದು ಯೋಚನೇನಾ? 'ಯೂರೋಪ್' ಅಂತ ಬರೆದಿರೋ ಪ್ಲಾನ್ ಒಂದನ್ನ ಒತ್ತಿದ್ರೆ ಮುಗೀತು. ಎರಡು ನಿಮಿಷದ ಕೆಲಸ. ಬಿಡಿ ಭಾವ, ನಿಮ್ಮದೂ ನಾನೇ ತಗೊಂಡ್ಬಿಡ್ತೀನಿ."

ಧರಣೇಂದ್ರಯ್ಯನು ಓದುವ ಕನ್ನಡಕವನ್ನು ತೆಗೆದನು. ಆಸ್ಥಾನಕವಿಗಳು ಯಾರಾದರೂ ಆ ಪಡಸಾಲೆಯಲ್ಲಿದ್ದಿದ್ದರೆ ಅವನ ಉತ್ತರವನ್ನು ಹೀಗೆ ಬರೆದಿಡುತ್ತಿದ್ದರು: "ಎಲೈ ಲೋಹಪಾತ್ರವಣಿಗ್ವರೇಣ್ಯ, ಎಕ್ಸ್‌ಚೇಂಜಿನ ಯಂತ್ರಗಳ ಕಟಕಟಾರವದ ನಡುವೆ ಯೌವನವನ್ನು ಸವೆಸಿದ, ಹತ್ತು ಸಾವಿರ ಜೋಡಿ ತಂತಿಗಳ ಜಾತಕ ಬಲ್ಲ ನನಗೆ, ಕುಕ್ಕರಿನ ಕೂಗನ್ನೇ ಸಂಕೇತವೆಂದು ತಿಳಿದ ನೀನು ಸಂಪರ್ಕಶಾಸ್ತ್ರವನ್ನು ಬೋಧಿಸಬಂದೆಯಾ?" ಕವಿಗಳು ಇಲ್ಲದ್ದರಿಂದ, ಅವನ ಬಾಯಿಂದ ಬಂದದ್ದು ಇಷ್ಟೇ.

"ನೋಡು ಭುಜಬಲಿ, ಇದು ಕುಕ್ಕರ್ ಅಲ್ಲ."

"ಕುಕ್ಕರ್‌ಗಿಂತ ಸುಲಭ ಭಾವ. ನಾನು ಸಿಂಗಪೂರದಲ್ಲಿ ವಿಮಾನ ಇಳಿದು ಮೆಟ್ಟಿಲು ಮುಗಿಯೋದ್ರೊಳಗೆ ನೆಟ್ಟು ಹಾಕಿಸ್ಕೊಂಡಿದ್ದೆ. ದುಬೈನಲ್ಲಿ ಇನ್ನೂ ಬೇಗ."

"ಒಂದು ದೇಶಕ್ಕೆ ಹೋಗೋದು ಬೇರೆ, ನಾಲ್ಕು ದೇಶ ದಾಟೋದು ಬೇರೆ. ಪ್ರತಿ ಗಡಿಗೂ ನೆಟ್‌ವರ್ಕ್ ಬದಲಾಗುತ್ತೆ. ಯಾವುದು ಎಲ್ಲಿ ಹಿಡಿಯುತ್ತೆ ಅಂತ ನೋಡದೆ ತಗೊಳ್ಳೋಕಾಗಲ್ಲ. ಈ ಕೆಲಸ ನಂಗೊತ್ತು."

ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಕೋಡುಬಳೆ ತಿಂದ ಬಾಯಿ ನಿಲ್ಲಲಿಲ್ಲ.

"ಏನು ಗೊತ್ತು ಭಾವ ನಿಮಗೆ? ನಿಮ್ಮದು ತಂತಿ ಕಾಲ. ಆ ಎಕ್ಸ್‌ಚೇಂಜಿಗೆ ಬೀಗ ಬಿದ್ದು ಎಷ್ಟು ವರ್ಷ ಆಯ್ತು? ಈಗ ಅಲ್ಲಿ ಪಾರಿವಾಳ ಬಿಟ್ರೆ ಇನ್ಯಾರೂ ಇಲ್ಲ."

ಬಾಣವು ನೆಟ್ಟಿತು. ಬೀಗ ಬಿದ್ದ ಆ ದಿನ, ಮೂವತ್ತಾರು ವರ್ಷ ಎಡೆಬಿಡದೆ ಗುಂಯ್‌ಗುಟ್ಟಿದ ಯಂತ್ರಗಳ ವಿದ್ಯುತ್ತನ್ನು ಯಾರೋ ಕಿತ್ತಾಗ, ನಿವೃತ್ತನಾಗಿದ್ದರೂ ನೋಡಲೆಂದು ಹೋಗಿದ್ದ ಧರಣೇಂದ್ರಯ್ಯನು ಕಬ್ಬಿಣದ ಚೌಕಟ್ಟಿನ ಮೇಲೆ ಅಂಗೈಯಿಟ್ಟು, ಅದು ತಣ್ಣಗಾಗುವವರೆಗೂ ನಿಂತಿದ್ದನು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಈಗ ಎದ್ದು, ಎದುರಿಗಿದ್ದ ಕಾಫಿಯ ಲೋಟವನ್ನು ಒಂದು ಗೇಣು ದೂರ ಸರಿಸಿ, ಭಯಂಕರವಾದ ಪ್ರತಿಜ್ಞೆಯೊಂದನ್ನು ಗೈದನು.

"ಪ್ಲಾನ್ ನಾನೇ ಆರಿಸ್ತೀನಿ. ಆರಿಸೋವರೆಗೂ ನನಗೆ ಕಾಫಿ ಬೇಡ."

ಭುಜಬಲಯ್ಯನು ಅಕ್ಕನ ಮುಖ ನೋಡಿದನು. ಅಕ್ಕ ಅವನ ಮುಂದಿನಿಂದ ಕೋಡುಬಳೆಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. "ಸರಿ, ನನ್ನದು ನಾನು ತಗೋತೀನಿ" ಎಂದು ಗೊಣಗಿ ಅವನೂ ಹೊರಟನು.

ಮರುದಿನ ಸೋಮವಾರ, ಸ್ನಾನ ಮುಗಿಸಿ, ಬಸದಿಗೆ ಹೋಗಿ ಬಂದು, ಮಡಿಕೆ ಮುರಿಯದ ಪಂಚೆಯುಟ್ಟು, ಧರಣೇಂದ್ರಯ್ಯನು ಊಟದ ಮೇಜಿನೆದುರು ವೀರಾಸನದಲ್ಲಿ ಕುಳಿತನು. ಮೊದಲು ಆಯುಧಪರೀಕ್ಷೆ. ತನ್ನ ಫೋನು ಈ ದೇಹರಹಿತ ಸಿಮ್ಮನ್ನು ಧರಿಸಬಲ್ಲುದೋ ಎಂದು ತಿಳಿಯಲು ನಕ್ಷತ್ರ, ಚೌಕ, ಸೊನ್ನೆ, ಆರು, ಚೌಕ ಎಂಬ ಪಂಚಾಕ್ಷರಿಯನ್ನು ಒತ್ತಿದನು. ಕೂಡಲೇ ಪರದೆಯ ಮೇಲೆ ಮೂವತ್ತೆರಡು ಅಂಕಿಗಳ ದೀರ್ಘಸಂಖ್ಯೆಯೊಂದು ಮೂಡಿತು. ಆ ಸಂಖ್ಯೆ ಇದ್ದರೆ ಫೋನು ಅರ್ಹವೆಂದು ಅರ್ಥ. ಹಳೆಯ ಅಭ್ಯಾಸ ಬಿಡದೆ ಅವನು ಅದನ್ನು ನಾಲ್ಕು ನಾಲ್ಕಾಗಿ ಒಡೆದು ಗಟ್ಟಿಯಾಗಿ ಓದಿ, ಬರೆದು, ಮತ್ತೊಮ್ಮೆ ಓದಿ ತಾಳೆ ನೋಡಿದನು. ಅಡುಗೆಮನೆಯಿಂದ ಮರುದೇವಮ್ಮ, "ಯಾರಿಗ್ರೀ ಫೋನು?" ಎಂದಳು.

"ಯಾರಿಗೂ ಇಲ್ಲ. ಇದಕ್ಕೇ."

ಬಳಿಕ ಶತ್ರುಸೈನ್ಯವು ಕಾಣಿಸಿಕೊಂಡಿತು. ಅಡಿಯಿಂದ ಮುಡಿಯವರೆಗೆ ಬೆರಳಿನಿಂದ ಎಷ್ಟು ತಳ್ಳಿದರೂ ಮುಗಿಯದ ಪ್ಲಾನುಗಳ ಅಕ್ಷೌಹಿಣಿ. ಒಂದು ಜಿಬಿಯ ಕಾಲಾಳುಗಳು, ಐದು ಜಿಬಿಯ ರಾವುತರು, ಇಪ್ಪತ್ತು ಜಿಬಿಯ ಮಾವುತರು. ಏಳು ದಿನ ಬದುಕುವವು, ಹದಿನೈದು ದಿನ ಬದುಕುವವು, ಮೂವತ್ತು ದಿನ ಬದುಕುವವು. ಮರುದೇವಮ್ಮನ ಬಳಿ ಉಳಿದಿದ್ದ ಡ್ರಾಯಿಂಗ್ ಹಾಳೆಯೊಂದನ್ನು ಬೇಡಿ ಪಡೆದು, ಅಡ್ಡಗೆರೆ ಉದ್ದಗೆರೆ ಎಳೆದು, ಒಂದೊಂದು ಕಂಪನಿಗೂ ಒಂದೊಂದು ಕಂಬ ಕೊಟ್ಟು ಅವನು ಯುದ್ಧಭೂಮಿಯ ನಕ್ಷೆ ಬರೆದನು. ಬೆಲೆಗೆ ಮಾತ್ರ ಸಾಲಿರಲಿಲ್ಲ. ವೀರರು ಬೆಲೆ ಕೇಳುವುದು ಕೊನೆಗೆ.

ಮಂಗಳವಾರ 'ದಿಗಂತ' ಎಂಬ ಕಂಪನಿಯ ಅನ್‌ಲಿಮಿಟೆಡ್ ಎಂಬ ಮಹಾಕಾಯನು ಎದುರಾದನು. ಮಿತಿಯಿಲ್ಲ, ಕೊನೆಯಿಲ್ಲ ಎಂದು ಅವನು ಎದೆ ತಟ್ಟುತ್ತಿದ್ದನು. ಧರಣೇಂದ್ರಯ್ಯನು ಭೂತಗನ್ನಡಿ ತಂದು ಅವನ ಪಾದದ ಬಳಿ ಇರುವೆಸಾಲಿನಂತಿದ್ದ ಅಕ್ಷರಗಳನ್ನು ಓದಿದನು. ದಿನಕ್ಕೆ ಒಂದು ಜಿಬಿ ದಾಟಿದ ಮೇಲೆ ವೇಗ ಇಳಿಸಲಾಗುವುದು ಎಂದಿತ್ತು. ಎಷ್ಟಕ್ಕೆ ಇಳಿಸುತ್ತಾರೆಂದು ಹುಡುಕಿ ನೋಡಿ, "ಇಷ್ಟರಲ್ಲಿ ತಂತೀನೇ ಬೇಗ ಹೋಗ್ತಿತ್ತು" ಎಂದು ಹೇಳಿ ಮಹಾಕಾಯನ ಮೇಲೆ ಕೆಂಪು ಗೆರೆ ಎಳೆದನು. ಬುಧವಾರ ಮತ್ತೊಬ್ಬನು ಬಿದ್ದನು. ಅವನ ಮೂವತ್ತು ದಿನಗಳು ಕೊಂಡ ಗಳಿಗೆಯಿಂದಲೇ ಓಡತೊಡಗುತ್ತಿದ್ದವು. ಪ್ರವಾಸಕ್ಕೆ ಇನ್ನೂ ಮೂರು ವಾರವಿತ್ತು. ವಿಮಾನ ಹತ್ತುವ ಮೊದಲೇ ಅರ್ಧಾಯುಷಿಯಾಗುವವನನ್ನು ಕಟ್ಟಿಕೊಂಡು ಏನು ಮಾಡುವುದು?

ಗುರುವಾರವು ಘೋರವಾಗಿತ್ತು. 'ಹಂಸಪಥ' ಎಂಬ ಕಂಪನಿಯ ಯೂರೋಪ್ ಪ್ಲಾನು ಎಲ್ಲ ಪರೀಕ್ಷೆಗಳಲ್ಲೂ ಗೆದ್ದು ನಿಂತಿತ್ತು. ಮೂವತ್ತೊಂದು ದೇಶಗಳು, ಸ್ಫುರದ್ರೂಪಿ ಚಿತ್ರ, ಚಿತ್ರದಲ್ಲಿ ಹಿಮದ ಬೆಟ್ಟ. ಧರಣೇಂದ್ರಯ್ಯನು ಮೂವತ್ತೊಂದು ಹೆಸರುಗಳನ್ನೂ ಬೆರಳಿಟ್ಟು ಎಣಿಸಿದನು. ಹಂಗೇರಿ ಇತ್ತು, ಆಸ್ಟ್ರಿಯಾ ಇತ್ತು, ಇಟಲಿ ಇತ್ತು. ಹಿಮದ ಬೆಟ್ಟವಿರುವ ಸ್ವಿಟ್ಜರ್ಲ್ಯಾಂಡ್ ಇರಲಿಲ್ಲ. ತನ್ನ ಕಣ್ಣನ್ನು ತಾನೇ ನಂಬದೆ ಅವನು ಕಂಪನಿಯ ಸಹಾಯಕಿಗೆ ಬರೆದು ಕೇಳಿದನು. ಮೈತ್ರಿ ಎಂಬ ಹೆಸರಿನ ಆ ಯಂತ್ರಕನ್ಯೆ ಕ್ಷಣಾರ್ಧದಲ್ಲಿ, "ಸ್ವಿಟ್ಜರ್ಲ್ಯಾಂಡ್ ಒಂದು ಸುಂದರ ದೇಶ. ನಿಮಗೆ ಇನ್ನೇನು ಸಹಾಯ ಬೇಕು?" ಎಂದಳು. ಅವನು ಮತ್ತೆ ಕೇಳಿದನು. ಅವಳು ಮತ್ತೆ ಹೊಗಳಿದಳು. ಮೂರನೆಯ ಸಲ ಆ ದೇಶದ ಚಾಕೊಲೇಟಿನ ವಿಷಯವನ್ನೂ ಸೇರಿಸಿದಳು.

ನಾಲ್ಕು ದಿನ ಕಾಫಿಯಿಲ್ಲದ ತಲೆ ಸಿಡಿಯುತ್ತಿತ್ತು. ಮರುದೇವಮ್ಮ ಬಂದು ಎದುರು ಕುಳಿತಳು.

"ಯಾಕ್ರೀ ಇಷ್ಟು ಹಟ?"

"ನಿನಗೆ ಅಲ್ಲಿ ಊಟ ತಪ್ಪಬಾರದು, ಅಷ್ಟೆ."

"ಅಷ್ಟೇನಾ?"

ಅವನು ಹಾಳೆಯ ಗೆರೆಯೊಂದನ್ನು ಅನವಶ್ಯಕವಾಗಿ ಮತ್ತೊಮ್ಮೆ ತಿದ್ದಿದನು. ಆಕೆ ಆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಹಳೆಯ ಮೇಷ್ಟ್ರ ಕಣ್ಣಿನಲ್ಲಿ ನೋಡಿ, "ಗೆರೆ ಚೆನ್ನಾಗಿ ಎಳೆದಿದೀರಿ" ಎಂದಳು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ರಣರಂಗವು ನಿಶ್ಶಬ್ದವಾಯಿತು. ಹದಿನೇಳು ಕಂಬಗಳಲ್ಲಿ ಹದಿನಾರು ಕೆಂಪಾಗಿ, ಒಂದು ಮಾತ್ರ ಉಳಿದಿತ್ತು. 'ಏಳುಕಡಲು' ಕಂಪನಿಯ ಇಪ್ಪತ್ತು ಜಿಬಿ, ಮೂವತ್ತು ದಿನ. ಅಲ್ಲಿನ ನೆಲ ಮುಟ್ಟಿದ ಮೇಲೆ ಆಯುಷ್ಯ ಆರಂಭ. ನಾಲ್ಕು ದೇಶಗಳೂ ಸೇರಿ ಮೂವತ್ತೊಂಬತ್ತು. ಧರಣೇಂದ್ರಯ್ಯನು ಕೊಂಡನು. ಕೊಂಡು, ಎರಡು ಲೋಟ ಕಾಫಿಯನ್ನು ಒಂದರ ಹಿಂದೊಂದು ಕುಡಿದು, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಬೆನ್ನು ಚಾಚಿದನು. ಆಗ ಫೋನಿಗೊಂದು ಮಿಂಚಂಚೆ ಬಂತು. ಅದರೊಳಗೆ ಕಪ್ಪುಬಿಳಿ ಚೌಕಗಳ ರಂಗೋಲಿ. ಕೆಳಗೊಂದು ಸಾಲು: "ಈ ಕೋಡನ್ನು ನಿಮ್ಮ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ."

ಕೋಡು ಫೋನಿನೊಳಗಿತ್ತು. ಕ್ಯಾಮೆರಾ ಅದೇ ಫೋನಿನ ಬೆನ್ನಿನಲ್ಲಿತ್ತು. ತನ್ನ ಮುಖವನ್ನು ತಾನೇ ನೋಡಿಕೊಳ್ಳೆಂದು ಮನುಷ್ಯರಿಗೆ ಉಪದೇಶಿಸಿದ ಋಷಿಗಳಿಗೂ ಇಷ್ಟು ಕಷ್ಟದ ಷರತ್ತು ಹೊಳೆದಿರಲಾರದು.

ವೀರನು ಎದೆಗುಂದಲಿಲ್ಲ. ಬಚ್ಚಲಿನ ಕನ್ನಡಿಯೆದುರು ಫೋನು ಹಿಡಿದು ನಿಂತನು. ಕನ್ನಡಿಯಲ್ಲಿ ರಂಗೋಲಿ ಕಂಡಿತು. ಆದರೆ ಅದನ್ನು ನೋಡಬೇಕಾದ ಕ್ಯಾಮೆರಾ ಅವನ ಅಂಗಿಯ ಗುಂಡಿಗಳನ್ನು ನೋಡುತ್ತಿತ್ತು. ಫೋನನ್ನು ತಿರುಗಿಸಿದರೆ ಕ್ಯಾಮೆರಾ ಕನ್ನಡಿಯನ್ನು ನೋಡಿತು, ರಂಗೋಲಿ ಗುಂಡಿಗಳತ್ತ ಹೋಯಿತು. ಮರುದೇವಮ್ಮನದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಚಿತ್ರ ಬಾರದು. ಕಾಗದಕ್ಕೆ ಇಳಿಸೋಣವೆಂದರೆ ಮೂಲೆಯ ಜೆರಾಕ್ಸ್ ಅಂಗಡಿಯವರು ಮದುವೆಗೆ ಹೋಗಿದ್ದರು. ಹೆಂಡತಿ ಬಚ್ಚಲಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಮೆತ್ತಗೆ ಕೇಳಿದಳು.

"ಭುಜಬಲೀನ ಕರೀಲಾ?"

ಧರಣೇಂದ್ರಯ್ಯನು ಕನ್ನಡಿಯಲ್ಲಿದ್ದ ಪುರುಷನನ್ನು ಬಹಳ ಹೊತ್ತು ದಿಟ್ಟಿಸಿದನು. ಕೊನೆಗೆ, "ಕರಿ" ಎಂದನು.

ಮಂಡಿಪೇಟೆಯಿಂದ ಚಿಕ್ಕಪೇಟೆಗೆ ಭುಜಬಲಯ್ಯನು ಬಂದ ವೇಗ ಸಂಶಯಾಸ್ಪದವಾಗಿತ್ತು. ಹೆಗಲಿನ ಟವೆಲು ಹೆಗಲಿನಲ್ಲೇ ಇತ್ತು, ಫೋನು ಕೈಯಲ್ಲಿತ್ತು. ಒಳಬಂದವನು ಅಕ್ಕನ ಮುಖ ನೋಡಿದನು, ನೆಲ ನೋಡಿದನು, ಆಮೇಲೆ ಹೇಳಿದನು.

"ಭಾವ, ನನಗೂ ನಿಮ್ಮ ಫೋನು ಸ್ವಲ್ಪ ಬೇಕಿತ್ತು."

"ಯಾಕೆ?"

"ಸೋಮವಾರ ನಾನೂ ಒಂದು ತಗೊಂಡೆ. ಅದರ ಕೋಡು ನನ್ನ ಫೋನಲ್ಲೇ ಕೂತಿದೆ."

"ಐದು ದಿನದಿಂದ?"

"ಅಂಗಡೀಲಿ ಹೊಸ ಸ್ಟೀಲ್ ತಟ್ಟೆ ಇತ್ತು. ಕನ್ನಡಿ ಥರ ಹೊಳೆಯೋದು. ಅದರಲ್ಲಿ ಹಿಡಿದು ನೋಡ್ದೆ. ಜಿಲೇಬಿ ಥರ ಕಾಣಿಸ್ತು."

ಮರುದೇವಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಅನಂತರ ಆ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯನ್ನು ಸಾಕ್ಷಿಯಾಗಿಟ್ಟುಕೊಂಡು, ಲೋಕವು ಕಂಡರಿಯದ ದ್ವಂದ್ವಯುದ್ಧ ನಡೆಯಿತು. ಎರಡು ಫೋನುಗಳು ಎದುರುಬದುರಾದವು. ಒಂದು ಸಲ ಮಾತ್ರ ಬಳಸಬಹುದಾದ ಕೋಡು; ನಡುಗಿ ಕೆಟ್ಟರೆ ಮತ್ತೊಂದಿಲ್ಲ. ಮೊದಲು ಭಾವನ ರಂಗೋಲಿಯನ್ನು ತನ್ನ ಫೋನಿಗೆ ಕಳಿಸಿಕೊಂಡು ಭುಜಬಲಯ್ಯನು ಅಗರಬತ್ತಿ ತೋಳುಗಳನ್ನು ಕಲ್ಲಿನಂತೆ ಬಿಗಿದು ಹಿಡಿದನು. "ಅಲ್ಲಾಡಬೇಡ." "ಅಲ್ಲಾಡ್ತಿಲ್ಲ ಭಾವ." "ಉಸಿರು ಬಿಡಬೇಡ." "ಬಿಟ್ಟಿಲ್ಲ." ಕುಂಯ್ ಎಂಬ ಶಬ್ದವಾಯಿತು. ದೇಹರಹಿತವು ದೇಹವನ್ನು ಹೊಕ್ಕಿತು. ಬಳಿಕ ಪಾತ್ರ ಬದಲಾಗಿ ಧರಣೇಂದ್ರಯ್ಯನು ಹಿಡಿದನು, ಭುಜಬಲಯ್ಯನು ಸ್ಕ್ಯಾನ್ ಮಾಡಿದನು.

ಆ ಹೊತ್ತಿನಲ್ಲಿ ಧರಣೇಂದ್ರಯ್ಯನ ಕಣ್ಣಿಗೆ ಮೈದುನನ ಪ್ಲಾನಿನ ಹೆಸರು ಬಿತ್ತು. ಹಂಸಪಥ, ಯೂರೋಪ್, ಮೂವತ್ತೊಂದು ದೇಶ. ಹಾಳೆಯ ಒಂಬತ್ತನೆಯ ಕಂಬ. ಕೊಂಡದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದೂ ಆ ಕಂಬದಲ್ಲಿ ಬರೆದಿತ್ತು. ಅವನು ಬಾಯಿ ತೆರೆದನು. ಮತ್ತೆ ಮುಚ್ಚಿದನು. ಅದು ಕರುಣೆಯೋ, ಮುಂದಿನ ಸುಖವನ್ನು ಜೋಪಾನವಾಗಿ ಎತ್ತಿಡುವ ಗೃಹಸ್ಥಬುದ್ಧಿಯೋ, ಕೇಳಿದ್ದರೆ ಅವನೂ ಹೇಳುತ್ತಿರಲಿಲ್ಲ.

ಮೂರು ವಾರಗಳು ಕಳೆದು, ಮೂವರೂ ಬುಡಾಪೆಸ್ಟ್ ನಗರದ ನೆಲ ಮುಟ್ಟಿದಾಗ ಧರಣೇಂದ್ರಯ್ಯನ ಫೋನು ಒಂದು ಸಲ ನಡುಗಿ ನಾಲ್ಕು ಕಡ್ಡಿಗಳನ್ನೂ ಎತ್ತಿ ನಿಲ್ಲಿಸಿತು. ಭುಜಬಲಯ್ಯನದೂ ಎತ್ತಿತು. ಇಬ್ಬರೂ ಒಬ್ಬರಿಗೊಬ್ಬರು ತೋರಿಸಲಿಲ್ಲ. ಹೋಟೆಲು ಸೇರಿದ ಕೂಡಲೇ ಧರಣೇಂದ್ರಯ್ಯನು ಗಂಟಲು ಸರಿಮಾಡಿಕೊಂಡು, ಐದು ದಿನಗಳ ಸಮರದ ಪ್ರಥಮ ಫಲವನ್ನು ಪತ್ನಿಯ ಪಾದಕ್ಕೆ ಅರ್ಪಿಸಿದನು.

"ಇವತ್ತು ಇಲ್ಲಿ ಸೂರ್ಯಾಸ್ತ ರಾತ್ರಿ ಎಂಟು ನಲವತ್ತೈದಕ್ಕೆ."

"ಎಂಟಕ್ಕೆಲ್ಲಾ ನಾನು ಮಲಗಿರ್ತೀನಲ್ರೀ" ಎಂದಳು ಮರುದೇವಮ್ಮ. ಹಾಗೆಯೇ ಆಯಿತು. ಆ ಹದಿನೆಂಟು ದಿನಗಳಲ್ಲಿ ಒಂದು ದಿನವೂ ಆಕೆ ಹಸಿದಿರುವಾಗ ಸೂರ್ಯ ಮುಳುಗಲಿಲ್ಲ.

ಸಾರಿನ ವಿಷಯಕ್ಕೆ ಫೋನು ಬೇಕಾದದ್ದು ವಿಯೆನ್ನಾದಲ್ಲಿ. ಮಧ್ಯಾಹ್ನ ಹೋಟೆಲೊಂದರಲ್ಲಿ ತಿನಿಸಿನ ಪಟ್ಟಿಗೆ ಫೋನು ಹಿಡಿದಾಗ, ಅದು ಪರಭಾಷೆಯನ್ನೆಲ್ಲ ಕನ್ನಡಕ್ಕೆ ತಿರುಗಿಸಿ, "ಬೆಣ್ಣೆಯಲ್ಲಿ ಬೇಯಿಸಿದ ಭೂಮಿಯ ಸೇಬು" ಎಂದು ಘೋಷಿಸಿತು. ಧರಣೇಂದ್ರಯ್ಯನು ಹಿಗ್ಗಿ ಅದನ್ನೇ ತರಿಸಿದನು. ತಟ್ಟೆ ಬಂತು. ಮರುದೇವಮ್ಮ ಒಂದು ತುಂಡನ್ನು ಚುಚ್ಚಿ ಎತ್ತಿ, ಬಾಯಿಯ ಹತ್ತಿರ ತಂದು, ನಿಲ್ಲಿಸಿ, ಬೆಳಕಿಗೆ ಹಿಡಿದಳು.

"ಇದು ಸೇಬಲ್ಲ ರೀ. ಸೇಬು ಕೊಯ್ದ ಮುಖಕ್ಕೆ ಈ ಬಣ್ಣ ಬರಲ್ಲ."

"ಫೋನು ಸೇಬು ಅಂತಾನೇ ಹೇಳ್ತಿದೆ."

ಆಕೆ ಫೋನಿನ ಕಡೆ ನೋಡಲೂ ಇಲ್ಲ. ಚೀಲದಿಂದ ಪೆನ್ಸಿಲು ತೆಗೆದು, ಕೈ ಒರೆಸುವ ಕಾಗದದ ಮೇಲೆ ಒಂದು ನೆಲದ ಗೆರೆ ಎಳೆದು, ಮೇಲೆ ನಾಲ್ಕು ಎಲೆ, ಕೆಳಗೆ ಬೇರು, ಬೇರಿಗೆ ತೂಗಿದ ಗಡ್ಡೆ ಬರೆದು ಬಡಿಸುವವಳಿಗೆ ತೋರಿಸಿದಳು. ಬಡಿಸುವವಳು ಗಡ್ಡೆಯ ಮೇಲೆ ಬೆರಳಿಟ್ಟು, ತಟ್ಟೆಯತ್ತ ಬೆರಳು ಮಾಡಿ, ತಲೆಯಾಡಿಸಿದಳು. ಆ ಸೀಮೆಯಲ್ಲಿ ಆಲೂಗೆಡ್ಡೆಗೇ ಭೂಮಿಯ ಸೇಬೆಂದು ಹೆಸರು. ಮರುದೇವಮ್ಮ ಆ ತುಂಡನ್ನು ತಮ್ಮನ ತಟ್ಟೆಗೆ ದಾಟಿಸಿದಳು. ವ್ರತವಿಲ್ಲದ ಅವನು ತಿಂದು, ಚೆನ್ನಾಗಿದೆ ಎಂದನು. ಆಮೇಲೆ ಆಕೆ ಈರುಳ್ಳಿ, ಬೆಳ್ಳುಳ್ಳಿ, ಗಜ್ಜರಿಗಳನ್ನೂ ಬರೆದು ಒಂದೊಂದಕ್ಕೂ ಅಡ್ಡಗೆರೆ ಹೊಡೆದಿಟ್ಟುಕೊಂಡಳು. ಮುಂದಿನ ಊರುಗಳಲ್ಲೆಲ್ಲ ಅದೇ ಕಾಗದ ಮೇಜಿಗೆ ಬಂತು, ಫೋನು ಜೇಬಿನಲ್ಲಿ ಉಳಿಯಿತು. ಧರಣೇಂದ್ರಯ್ಯನು ಮೊದಲೆರಡು ದಿನ ಮುಖ ಊದಿಸಿಕೊಂಡನು. ಮೂರನೆಯ ದಿನ ಹೆಂಡತಿಗೆ ಒಳ್ಳೆಯ ಊಟ ಸಿಗುತ್ತಿರುವುದನ್ನು ಕಂಡು ಸುಮ್ಮನಾದನು.

ಆದರೂ ಅವನ ಪಾಲಿಗೆ ಗೌರವವೊಂದು ಉಳಿದಿತ್ತು. ಆಸ್ಟ್ರಿಯಾದಿಂದ ಹೊರಟ ರೈಲು ರೈನ್ ನದಿಯನ್ನು ದಾಟಿ ಸ್ವಿಟ್ಜರ್ಲ್ಯಾಂಡಿಗೆ ಕಾಲಿಟ್ಟ ಗಳಿಗೆಯಲ್ಲಿ, ಮನೆಗೆ ವಿಡಿಯೋ ತೋರಿಸುತ್ತಿದ್ದ ಭುಜಬಲಯ್ಯನ ಫೋನು ಮಾತಿನ ನಡುವೆ ಮೂಕವಾಯಿತು. ಅವನು ಅದನ್ನು ಆರಿಸಿ ಹಚ್ಚಿದನು. ಕಿಟಕಿಗೆ ಹಿಡಿದನು. ತಲೆಯ ಮೇಲೆ ಎತ್ತಿ ಬೋಗಿಯ ತುದಿಯವರೆಗೆ ನಡೆದು ಬಂದನು. ಧರಣೇಂದ್ರಯ್ಯನು ಹೊರಗಿನ ಹಸುಗಳನ್ನು ಅತ್ಯಂತ ಆಸಕ್ತಿಯಿಂದ ನೋಡುತ್ತಿದ್ದನು.

"ಭಾವ, ನಿಮ್ಮದರಲ್ಲಿ ಬರ್ತಿದೆಯಾ?"

"ಬರ್ತಿದೆ."

"ನನ್ನದು ಸತ್ತೋಯ್ತು."

"ನಿನ್ನ ಪ್ಲಾನಿನಲ್ಲಿ ಈ ದೇಶ ಇಲ್ಲ."

"ನಿಮಗೆ ಗೊತ್ತಿತ್ತಾ?"

"ಕೊಂಡಾದ ಮೇಲೆ ಹೇಳಿ ಏನು ಮಾಡೋದು ಅಂತ ಸುಮ್ಮನಿದ್ದೆ."

ಎರಡು ಸ್ಟೇಷನ್ನುಗಳು ಕಳೆದವು. ದ್ವಿವಾರಸಮುದ್ರಲಂಘನನು ಮೊಣಕಾಲುಗಳನ್ನು ಜೋಡಿಸಿಕೊಂಡು ಕುಳಿತಿದ್ದನು. ಐವತ್ತೆಂಟರ ಆ ಮುಖ, ಶಾಲೆಯಿಂದ ತಡವಾಗಿ ಮನೆಗೆ ಬಂದವನ ಮುಖದ ಹಾಗಿತ್ತು. ಕಡೆಗೆ ಅವನು ಕಿಟಕಿಯ ಕಡೆಗೇ ಹೇಳಿದನು.

"ಅವತ್ತು ಎಕ್ಸ್‌ಚೇಂಜ್ ವಿಷಯ ಹಾಗಂದಿದ್ದು ತಪ್ಪಾಯ್ತು ಭಾವ. ಅಪ್ಪ ಹೋದಾಗ ಬೆಂಗಳೂರಿಗೆ ಲೈನ್ ಸಿಗದೆ ಒದ್ದಾಡ್ತಿದ್ವಿ. ನೀವೇ ಕೂತು ಹಾಕಿಕೊಟ್ರಿ. ಅದು ಆಮೇಲೆ ನೆನಪಾಯ್ತು."

ಧರಣೇಂದ್ರಯ್ಯನು ಯಾವ ಶಬ್ದಾಡಂಬರಕ್ಕೂ ಹೋಗಲಿಲ್ಲ. ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ಹಾಟ್‌ಸ್ಪಾಟನ್ನು ಹುಡುಕಿ ಒತ್ತಿ, ಮೈದುನನ ಕಡೆ ವಾಲಿದನು.

"ನಿನ್ನ ಫೋನು ಕೊಡಿಲ್ಲಿ. ಜೋಡಿಸ್ತೀನಿ."

ಜೋಡಿಸಿದನು. ಅತ್ತ ಕಡೆಯಿಂದ ಹಲೋ ಎಂಬ ದನಿ ಬಂದ ಕೂಡಲೇ ಫೋನನ್ನು ಭುಜಬಲಯ್ಯನ ಕೈಗಿತ್ತು, ತಾನು ಎದ್ದು ಆಚೆಯ ಸೀಟಿಗೆ ಹೋಗಿ ಕುಳಿತನು.

ಹನ್ನೊಂದನೆಯ ದಿನ ಕೇಬಲ್ ಕಾರೆಂಬ ತೂಗುತೊಟ್ಟಿಲೊಂದು ಅವರನ್ನು ಹತ್ತು ಸಾವಿರ ಅಡಿ ಎತ್ತರದ ಶಿಖರಕ್ಕೆ ಎತ್ತಿ ಬಿಟ್ಟಿತು. ನಾಲ್ಕು ದಿಕ್ಕಿಗೂ ಹಿಮ, ಮೇಲೆ ನಡುಹಗಲಿನ ಸೂರ್ಯ. ಮರುದೇವಮ್ಮ ಬೆಂಚಿನ ಮೇಲೆ ಕುಳಿತು, ಹಾಳೆ ಬಿಡಿಸಿ ಬಣ್ಣದ ಪೆಟ್ಟಿಗೆ ತೆರೆದಳು. ಬಿಳಿಯನ್ನು ಮುಟ್ಟಲಿಲ್ಲ, ನೀಲಿಯಲ್ಲಿ ಕುಂಚ ಅದ್ದಿದಳು. ಭುಜಬಲಯ್ಯನು ಬಿಸಿ ಹಾಲು ಹುಡುಕಿಕೊಂಡು ಹೋಗಿದ್ದನು.

ಧರಣೇಂದ್ರಯ್ಯನು ಫೋನು ತೆಗೆದನು. ನಾಲ್ಕು ಕಡ್ಡಿ. ಇಪ್ಪತ್ತು ಜಿಬಿಯಲ್ಲಿ ಒಂದೂ ಪೂರ್ತಿ ಖರ್ಚಾಗಿರಲಿಲ್ಲ, ಏಕೆಂದರೆ ಆ ನಾಡಿನಲ್ಲಿ ಹೋಟೆಲು, ರೈಲು ನಿಲ್ದಾಣ, ಕೊನೆಗೆ ತೂಗುತೊಟ್ಟಿಲು ಕೂಡ ವೈ-ಫೈಯನ್ನು ಪುಕ್ಕಟೆ ಹಂಚುತ್ತಿದ್ದವು. ಇರಲಿ. ಈ ಒಂದು ಕರೆ ತನ್ನದೇ ಜಾಲದ ಮೇಲೆ ಹೋಗಬೇಕು. ಸಹಸ್ರತಂತೀಸಂಯೋಜಕನು, ಹಿಮಗಿರಿಶಿಖರಾರೂಢನು, ಚತುರ್ದೇಶಸಂಪರ್ಕಾಧಿಪತಿಯು, ಏಳು ಸಾವಿರ ಕಿಲೋಮೀಟರುಗಳ ಗಿರಿಸಾಗರಮರುಭೂಮಿಗಳನ್ನು ಒಂದೇ ಬೆರಳಿನಿಂದ ದಾಟಿ, ಚಿಕ್ಕಪೇಟೆಯ ಪಕ್ಕದ ಮನೆಯ ಗಂಗಾಂಬಿಕಮ್ಮನಿಗೆ ವಿಡಿಯೋ ಕರೆ ಮಾಡಿದನು. ಮನೆಯ ಬೀಗದ ಕೈ ಆಕೆಯ ಬಳಿಯಿತ್ತು. ಚಿತ್ರ ಗಾಜಿನಂತೆ ಸ್ವಚ್ಛವಾಗಿ ಮೂಡಿತು.

"ನೋಡಿ ಗಂಗಾಂಬಿಕಮ್ಮನೋರೇ, ಎಲ್ಲಿದೀವಿ ಅಂತ."

"ಹೂಂ, ಬೆಳ್ಳಗೆ ಏನೋ ಕಾಣ್ತಿದೆ. ನಲ್ಲೀಲಿ ನೀರು ಬಂದಿತ್ತು, ನಿಮ್ಮ ಸಂಪು ತುಂಬಿಸಿದೀನಿ."

"ಇದು ಹತ್ತು ಸಾವಿರ ಅಡಿ ಎತ್ತರ. ಇಲ್ಲಿಂದ ಮಾತಾಡ್ತಾ ಇದೀವಿ."

"ಹೌದಾ. ಸ್ವಾಮಿ, ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ತಾ ಇದೆ. ಇಡ್ತೀನಿ."

ಪರದೆ ಕಪ್ಪಾಯಿತು. ಮೂವತ್ತೊಂದು ಸೆಕೆಂಡು, ಎಂದು ಫೋನು ಪ್ರಾಮಾಣಿಕವಾಗಿ ದಾಖಲಿಸಿತು.

"ಏನಂದ್ರು ರೀ?" ಎಂದಳು ಮರುದೇವಮ್ಮ, ತಲೆ ಎತ್ತದೆ.

"ಸಂಪು ತುಂಬಿದೆಯಂತೆ."

"ಒಳ್ಳೇದಾಯ್ತು. ಬನ್ನಿ ಇಲ್ಲಿ, ಗಾಳಿಗೆ ಹಾಳೆ ನಿಲ್ತಿಲ್ಲ. ಈ ಮೂಲೆ ಹಿಡ್ಕೊಳ್ಳಿ."

ಅವನು ಮೊಣಕಾಲು ನೋವನ್ನು ಸಂಭಾಳಿಸುತ್ತ ಬೆಂಚಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದನು. ಇನ್ನೊಂದು ಮೂಲೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಆಕೆ ಅವನ ಕೈಯಿಂದ ಫೋನನ್ನು ತೆಗೆದುಕೊಂಡು, ಆ ಮೂಲೆಯ ಮೇಲೆ ಇಟ್ಟಳು. ಹಾಳೆ ನಿಂತಿತು.